ಜಾವಾದಲ್ಲೇ ಇರಬೇಕಾ, ಕಾಟ್ಲಿನ್‌ಗೆ ಹೋಗಬೇಕಾ?

ಪ್ರಶ್ನೆ: ಹಾಸನದಲ್ಲಿ ನಾವು ನಾಲ್ಕು ಜನ ಸೇರಿ ಚಿಕ್ಕ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದೇವೆ. ಹಳ್ಳಿಗಳ ಹಾಲಿನ ಡೇರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ಸರ್ವರ್ ಪೂರ್ತಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ 8ನೇ ಆವೃತ್ತಿಯಲ್ಲಿದೆ, ಜೊತೆಗೆ ಸರ್ವರ್ ಕಟ್ಟಲು ನೆರವಾಗುವ ಸ್ಪ್ರಿಂಗ್ ಬೂಟ್ 2. ಈಗ ಡೇರಿ ಕಾರ್ಯದರ್ಶಿಗಳು ಫೋನಿನಲ್ಲೇ ಹಾಲಿನ ಅಳತೆ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರೆದುಕೊಳ್ಳುವ ಆಂಡ್ರಾಯ್ಡ್ ಆಪ್ ಕೇಳುತ್ತಿದ್ದಾರೆ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯಬೇಕು, ದರದ ಚೀಟಿ ಅಲ್ಲೇ ಬರಬೇಕು. ನಮ್ಮಲ್ಲಿ ಮೂವರಿಗೆ ಜಾವಾ ಚೆನ್ನಾಗಿ ಗೊತ್ತು. ಹೊಸದಾಗಿ ಸೇರಿದ ಒಬ್ಬರಿಗೆ ಕಾಟ್ಲಿನ್ ಎಂಬ ಇನ್ನೊಂದು ಭಾಷೆ ಗೊತ್ತು. ಅವರು "ಜಾವಾ ಮುಗಿದ ಕಥೆ, ಸರ್ವರನ್ನೂ ಕಾಟ್ಲಿನ್‌ಗೆ ತನ್ನಿ" ಅನ್ನುತ್ತಾರೆ. ನನ್ನ ಪಾಲುದಾರ "ಎರಡೂ ಒಂದೇ ಥರ, ಸುಮ್ನೆ ಯಾಕೆ ಹೊಸ ತಲೆನೋವು? ಕಡಿಮೆ ಬೆಲೆಯ ಫೋನಲ್ಲಿ ಕಾಟ್ಲಿನ್ ನಿಧಾನ. ನಾಳೆ ಇವರು ಕೆಲಸ ಬಿಟ್ಟರೆ ಆ ಕೋಡನ್ನು ಯಾರು ನೋಡುತ್ತಾರೆ?" ಅನ್ನುತ್ತಾರೆ. ಜಾವಾಕ್ಕೆ ಒರಾಕಲ್ ಕಂಪನಿ ದುಡ್ಡು ಕೇಳುತ್ತದೆ ಅಂತಲೂ ಕೇಳಿದ್ದೇವೆ. ಯಾವುದನ್ನು ಹಿಡಿಯಬೇಕು?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ಆಪನ್ನು ಕಾಟ್ಲಿನ್‌ನಲ್ಲಿ ಬರೆಯಿರಿ. ಸರ್ವರನ್ನು ಜಾವಾದಲ್ಲೇ ಬಿಡಿ, ಆದರೆ ಜಾವಾ 8ರಲ್ಲಿ ಬಿಡಬೇಡಿ. ದರ ಲೆಕ್ಕ ಹಾಕುವ ಭಾಗವನ್ನು ಮಾತ್ರ ಯಾರೂ ಯಾವ ಭಾಷೆಗೂ ಮತ್ತೆ ಬರೆಯಲು ಹೋಗಬೇಡಿ.

ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಮೂರು ಬೇರೆ ಬೇರೆ ಚಿಂತೆಗಳು. ಹೊಸ ಆಪಿಗೆ ಯಾವ ಭಾಷೆ ಅನ್ನುವುದು ಒಂದು. ಓಡುತ್ತಿರುವ ಸರ್ವರನ್ನು ಏನು ಮಾಡಬೇಕು ಅನ್ನುವುದು ಇನ್ನೊಂದು. ಒಬ್ಬರನ್ನೇ ನಂಬಿಕೊಂಡು ಹೊಸ ಭಾಷೆಗೆ ಕಾಲಿಡುವ ಭಯ ಮೂರನೆಯದು. ನೀವು ಮೂರಕ್ಕೂ ಒಂದೇ ಉತ್ತರ ಹುಡುಕುತ್ತಿದ್ದೀರಿ, ಅದಕ್ಕೇ ಜಗಳ ಬಗೆಹರಿಯುತ್ತಿಲ್ಲ. ನಿಮ್ಮ ಪಾಲುದಾರರು ಹೇಳುವ "ಎರಡೂ ಒಂದೇ ಥರ" ಅನ್ನುವ ಮಾತಿನಲ್ಲಿ ನಿಜ ಇದೆ. ಎರಡೂ ಕಂಪೈಲ್ ಆಗುವುದು, ಅಂದರೆ ಓಡಿಸಬಹುದಾದ ರೂಪಕ್ಕೆ ಬದಲಾಗುವುದು, ಒಂದೇ ಬೈಟ್‌ಕೋಡ್‌ಗೆ. ಒಂದೇ ಪ್ರಾಜೆಕ್ಟಿನಲ್ಲಿ ಒಂದು ಫೈಲ್ ಜಾವಾ, ಪಕ್ಕದ ಫೈಲ್ ಕಾಟ್ಲಿನ್ ಇರಬಹುದು. ಎರಡೂ ಒಂದನ್ನೊಂದು ಕರೆಯಬಹುದು. ಹಾಗಾಗಿಯೇ ಇಲ್ಲಿ ಒಂದನ್ನೇ ಹಿಡಿದು ಇನ್ನೊಂದನ್ನು ಬಿಡಬೇಕಾದ ಒತ್ತಾಯ ಇಲ್ಲ.

"ಜಾವಾ ಮುಗಿದ ಕಥೆ" ಅನ್ನುವ ಮಾತು ಎಲ್ಲಿಂದ ಬಂತು ನೋಡೋಣ. ಜಾವಾ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಿಂದ ಬಂದದ್ದು. 2010ರಲ್ಲಿ ಸನ್ ಕಂಪನಿಯನ್ನು ಒರಾಕಲ್ ಕೊಂಡಿತು. ಕಾಟ್ಲಿನ್ ಜೆಟ್‌ಬ್ರೇನ್ಸ್‌ನದು. 2011ರಲ್ಲಿ ಸುದ್ದಿ ಬಂತು, 2016ರಲ್ಲಿ 1.0 ಬಂತು. 2017ರಲ್ಲಿ ಗೂಗಲ್ ಆಂಡ್ರಾಯ್ಡ್‌ಗೆ ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿತು. 2019ರಲ್ಲಿ ಇನ್ನೂ ಮುಂದೆ ಹೋಗಿ, ಆಂಡ್ರಾಯ್ಡ್‌ನಲ್ಲಿ ಕಾಟ್ಲಿನ್‌ಗೇ ಮೊದಲ ಸ್ಥಾನ ಎಂದಿತು. ಆ ಮಾತು ಸುಮ್ನೆ ಆಡಿದ್ದಲ್ಲ. ಆಂಡ್ರಾಯ್ಡ್‌ನ ಹೊಸ ಸ್ಕ್ರೀನ್ ಕಟ್ಟುವ ವಿಧಾನ ಜೆಟ್‌ಪ್ಯಾಕ್ ಕಂಪೋಸ್, ಅದರ 1.0 ಬಂದದ್ದು 2021ರಲ್ಲಿ. ಅದು ಕಾಟ್ಲಿನ್ ಕಂಪೈಲರಿನ ಮೇಲೆಯೇ ನಿಂತಿದೆ. ಕಂಪೋಸ್ ಸ್ಕ್ರೀನನ್ನು ಜಾವಾದಲ್ಲಿ ಬರೆಯಲು ಆಗುವುದಿಲ್ಲ. ಸ್ಕ್ರೀನನ್ನು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆಯುವ ಹಳೆಯ ವಿಧಾನ ಈಗಲೂ ನಡೆಯುತ್ತದೆ, ಆದರೆ ಹೊಸದೆಲ್ಲ ಬರುತ್ತಿರುವುದು ಕಂಪೋಸ್ ಕಡೆಗೆ.

ಸರ್ವರ್ ಕಡೆ ಕಥೆಯೇ ಬೇರೆ. ಅಲ್ಲಿ ಜಾವಾ ಈಗ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬಿಡುತ್ತಿದೆ. 2021ರಲ್ಲಿ ರೆಕಾರ್ಡ್ ಬಂತು, ಮಾಹಿತಿ ಹಿಡಿದಿಡಲೆಂದೇ ಇರುವ ಕ್ಲಾಸ್ ಅದು. ಒಳಗಿನ ಮಾಹಿತಿ ಓದಿಕೊಡುವ ಮೂವತ್ತು ಸಾಲಿನ ಗೆಟರ್‌ಗಳನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು. 2023ರ ಜಾವಾ 21ರಲ್ಲಿ, ಒಂದೇ ಸಲಕ್ಕೆ ಬಹಳಷ್ಟು ಕೆಲಸಗಳನ್ನು ಹಗುರವಾಗಿ ನಡೆಸುವ ವರ್ಚುವಲ್ ಥ್ರೆಡ್ ಬಂತು. ಅಂಥದ್ದೇ ಕೆಲಸ ಮಾಡುವ ಕಾಟ್ಲಿನ್‌ನ ಕೊರೂಟೀನ್‌ಗೋಸ್ಕರ ಸರ್ವರನ್ನು ಬದಲಿಸಬೇಕು ಅನ್ನುತ್ತಿದ್ದವರ ದೊಡ್ಡ ಕಾರಣ ಅಲ್ಲಿಗೆ ಬಹಳ ಸಣ್ಣದಾಯಿತು. ಆದರೆ ಆ ವರ್ಚುವಲ್ ಥ್ರೆಡ್ ಆಂಡ್ರಾಯ್ಡ್ ಫೋನಿಗೆ ಬಂದಿಲ್ಲ. ಅಂದರೆ ಇವತ್ತು ಜಾವಾಕ್ಕೆ ಎರಡು ಕಡೆ ಎರಡು ಸ್ಥಿತಿ. ಸರ್ವರಿನಲ್ಲಿ ಗಟ್ಟಿಯಾಗಿದೆ, ಆಂಡ್ರಾಯ್ಡ್‌ನಲ್ಲಿ ಹಿಂದೆ ಬಿದ್ದಿದೆ. ನಿಮ್ಮ ಹೊಸ ಸಹೋದ್ಯೋಗಿ ಬಹುಶಃ ಆಂಡ್ರಾಯ್ಡ್ ಕಡೆಯಿಂದ ಬಂದವರು. ಅವರು ನೋಡಿದ್ದು ನಿಜವೇ, ಆದರೆ ಅದು ನಿಮ್ಮ ಸರ್ವರಿಗೆ ಅನ್ವಯಿಸುವುದಿಲ್ಲ.

ಇನ್ನು ಕಾಟ್ಲಿನ್ ನಿಧಾನ ಅನ್ನುವ ಮಾತು. ಫೋನಿನಲ್ಲಿ ಎರಡೂ ಆಂಡ್ರಾಯ್ಡ್ ಓಡಿಸುವ ಒಂದೇ ರೀತಿಯ ಡೆಕ್ಸ್ ಫೈಲ್ ಆಗುತ್ತವೆ, ಒಂದೇ ರನ್‌ಟೈಮ್ ಅವನ್ನು ಓಡಿಸುತ್ತದೆ. ಹಾಲಿನ ಎಂಟ್ರಿ ಮಾಡುವ ಆಪಿನಲ್ಲಿ ಭಾಷೆಯಿಂದ ಬರುವ ವೇಗದ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆಪಿನ ಸೈಜ್ ಜಾಸ್ತಿಯಾಗುತ್ತದೆ ಅನ್ನುವುದಕ್ಕೂ ಹೆಚ್ಚು ಅರ್ಥ ಇಲ್ಲ. ಬಳಸದ ಭಾಗವನ್ನು ಆಪ್ ಕಟ್ಟುವಾಗ ಆರ್8 ಎಂಬ ಸಾಧನ ಕತ್ತರಿಸಿ ಹಾಕುತ್ತದೆ. ಅದೂ ಅಲ್ಲದೆ, ನೀವು ಜಾವಾದಲ್ಲೇ ಬರೆದರೂ ಒಳಗೆ ಕಾಟ್ಲಿನ್ ಬಂದೇ ಬರುತ್ತದೆ. ನೆಟ್‌ವರ್ಕಿಗೆ ಎಲ್ಲರೂ ಬಳಸುವ ಓಕೆಎಚ್‌ಟಿಟಿಪಿ ಲೈಬ್ರರಿ 2019ರ ನಾಲ್ಕನೇ ಆವೃತ್ತಿಯಿಂದಲೇ ಕಾಟ್ಲಿನ್‌ನಲ್ಲಿದೆ.

ನಿಧಾನ ಕಾಣುವುದು ಎರಡು ಕಡೆ. ಒಂದು ನಿಮ್ಮ ಲ್ಯಾಪ್‌ಟಾಪಿನಲ್ಲಿ. ಕಾಟ್ಲಿನ್ ಕಂಪೈಲ್ ಆಗಲು ಜಾವಾಗಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಡೇಟಾಬೇಸಿಗೆ ರೂಮ್ ಲೈಬ್ರರಿ ಬಳಸುವಾಗ ಅದಕ್ಕೆ ಬೇಕಾದ ಕೋಡನ್ನು ತಾನಾಗಿ ಹುಟ್ಟಿಸುವ ಹಳೆಯ ಸಾಧನ ಕ್ಯಾಪ್ಟ್ ಬದಲು ಹೊಸದಾದ ಕೆಎಸ್‌ಪಿ ಹಾಕಿಕೊಳ್ಳಿ, ಬಿಲ್ಡ್ ಕಾಯುವ ಹೊತ್ತು ಕಡಿಮೆಯಾಗುತ್ತದೆ. 8 ಜಿಬಿ ರ್‍ಯಾಮಿನ ಲ್ಯಾಪ್‌ಟಾಪ್ ಇದ್ದರೆ 16ಕ್ಕೆ ಏರಿಸಲು ದುಡ್ಡು ಎತ್ತಿಡಿ. ಇನ್ನೊಂದು, ಕಂಪೋಸ್ ಸ್ಕ್ರೀನ್ ಹಳೆಯ ಫೋನಿನಲ್ಲಿ ಮೊದಲ ಸಲ ತೆರೆಯುವಾಗ ತಡೆತಡೆದು ಬರಬಹುದು. ಬರೆಯುವಾಗ ಪರೀಕ್ಷೆಗೆ ಬಳಸುವ ಡೀಬಗ್ ಬಿಲ್ಡಿನಲ್ಲಿ ಇದು ಇನ್ನೂ ಜಾಸ್ತಿ. ಜನರಿಗೆ ಕೊಡುವ ರಿಲೀಸ್ ಬಿಲ್ಡ್ ಮಾಡಿ, ಕಾರ್ಯದರ್ಶಿಗಳ ಕೈಯಲ್ಲಿರುವಂಥ ಫೋನಿನಲ್ಲಿ ನೋಡದೆ ತೀರ್ಮಾನ ಮಾಡಬೇಡಿ. ಆಗಲೂ ತೊಂದರೆ ಅನ್ನಿಸಿದರೆ ಕಾಟ್ಲಿನ್ ಇಟ್ಟುಕೊಂಡೇ ಎಕ್ಸ್‌ಎಂಎಲ್ ಸ್ಕ್ರೀನ್ ಮಾಡಬಹುದು.

ಒರಾಕಲ್ ಲೈಸೆನ್ಸಿನ ವಿಷಯ ಸುಲಭ. 2019ರ ಜನವರಿಯ ನಂತರ ಒರಾಕಲ್‌ನ ಸ್ವಂತ ಜೆಡಿಕೆ (ಜಾವಾ ಕೋಡನ್ನು ಕಂಪೈಲ್ ಮಾಡಿ ಓಡಿಸುವ ಪ್ಯಾಕೇಜ್) 8ರ ಅಪ್‌ಡೇಟುಗಳನ್ನು ವ್ಯಾಪಾರಕ್ಕೆ ಬಳಸಲು ಚಂದಾ ಬೇಕಾಯಿತು. 2023ರಿಂದ ಆ ಚಂದಾವನ್ನು ಕಂಪನಿಯ ಒಟ್ಟು ಸಿಬ್ಬಂದಿಯ ಲೆಕ್ಕದಲ್ಲಿ ಹಾಕುತ್ತಾರೆ. ಭಯ ಹುಟ್ಟಿದ್ದು ಇಲ್ಲಿಂದ. ಆದರೆ ದುಡ್ಡು ಕೇಳುವುದು ಒರಾಕಲ್‌ನ ಆ ಪ್ಯಾಕೇಜಿಗೆ, ಜಾವಾ ಭಾಷೆಗೆ ಅಲ್ಲ. ಓಪನ್‌ಜೆಡಿಕೆ ಮುಕ್ತವಾಗಿದೆ. ಅದರಿಂದ ಮಾಡಿದ ಎಕ್ಲಿಪ್ಸ್ ಟೆಮುರಿನ್, ಅಮೆಜಾನ್ ಕೊರೆಟ್ಟೊ ಎರಡೂ ಉಚಿತ. ಸರ್ವರಿನಲ್ಲಿ ಈಗ ಯಾವುದಿದೆ ಎಂದು ಇವತ್ತೇ ನೋಡಿಕೊಳ್ಳಿ. ಒಂದು ಮಾತು ಗಮನಿಸಿ, ಕಾಟ್ಲಿನ್‌ಗೆ ಹೋದರೂ ಸರ್ವರ್ ಓಡುವುದು ಅದೇ ಜೆಡಿಕೆ ಮೇಲೆ. ಲೈಸೆನ್ಸಿನಿಂದ ತಪ್ಪಿಸಿಕೊಳ್ಳಲು ಭಾಷೆ ಬದಲಿಸುವುದರಿಂದ ಏನೂ ಸಿಗುವುದಿಲ್ಲ.

ಈಗ ಆಪಿಗೆ ಕಾಟ್ಲಿನ್ ಯಾಕೆ ಅಂದೆ ಅನ್ನುವುದನ್ನು ನಿಮ್ಮ ಡೇರಿಯ ಕೆಲಸದಲ್ಲೇ ಇಟ್ಟು ಹೇಳುತ್ತೇನೆ. ಬೆಳಗ್ಗೆ ಹಾಲು ಹಾಕಲು ಜನ ಸಾಲಾಗಿ ನಿಂತಿದ್ದಾರೆ, ಕರೆಂಟ್ ಹೋಯಿತು, ಫ್ಯಾಟ್ ಮೆಷಿನ್ ನಿಂತಿತು. ಲೀಟರ್ ಬಂತು, ಫ್ಯಾಟ್ ಬರಲಿಲ್ಲ. ಈ "ಬರಲಿಲ್ಲ" ಅನ್ನುವುದನ್ನು ಕೋಡಿನಲ್ಲಿ ಹೇಗೆ ಇಡುತ್ತೀರಿ? ದಶಮಾಂಶ ಸಂಖ್ಯೆಗೆ ಜಾವಾದಲ್ಲಿ ಚಿಕ್ಕಕ್ಷರದ ಡಬಲ್ (double) ಇಟ್ಟರೆ ತಾನಾಗಿ ಸೊನ್ನೆ ಆಗುತ್ತದೆ. ಫ್ಯಾಟ್ ಸೊನ್ನೆ ಅಂತಲೇ ದರ ಲೆಕ್ಕ ಆಗಿ ಚೀಟಿ ಬರುತ್ತದೆ. ದೊಡ್ಡಕ್ಷರದ ಡಬಲ್ (Double) ಇಟ್ಟರೆ ನಲ್, ಅಂದರೆ "ಏನೂ ಇಲ್ಲ", ಆಗುತ್ತದೆ, ಲೆಕ್ಕ ಹಾಕುವ ಸಾಲಿಗೆ ಬಂದಾಗ ಆಪ್ ಬಿದ್ದುಹೋಗುತ್ತದೆ. ಕಾಟ್ಲಿನ್‌ನಲ್ಲಿ ಟೈಪಿನ ಹೆಸರಿನ ಕೊನೆಗೆ ಒಂದು ಪ್ರಶ್ನೆ ಚಿಹ್ನೆ ಹಾಕುತ್ತೀರಿ. ಹಾಕಿದ ಮೇಲೆ, ಫ್ಯಾಟ್ ಇಲ್ಲದಿದ್ದರೆ ಏನು ಮಾಡಬೇಕು ಎಂದು ನೀವು ಬರೆಯುವವರೆಗೂ ಕಂಪೈಲರ್ ಮುಂದೆ ಬಿಡುವುದಿಲ್ಲ. ಕಾರ್ಯದರ್ಶಿಯ ಎದುರು ಬರಬೇಕಿದ್ದ ತಪ್ಪು ನಿಮ್ಮ ಮೇಜಿನ ಮೇಲೆಯೇ ಸಿಗುತ್ತದೆ. ನನ್ನ ಮಟ್ಟಿಗೆ ಕಾಟ್ಲಿನ್‌ನ ದೊಡ್ಡ ಲಾಭ ಇದೇ. ಕೋಡ್ ಚಿಕ್ಕದಾಗುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು.

ಇನ್ನೊಂದು ಉದಾಹರಣೆ. ಸದಸ್ಯರ ನಂಬರನ್ನು ಜಾವಾದಲ್ಲಿ ಇಂಟಿಜರ್ ಆಬ್ಜೆಕ್ಟ್ ಆಗಿ ಇಟ್ಟು, ಎರಡು ನಂಬರ್ ಒಂದೇನಾ ಎಂದು == ಹಾಕಿ ಹೋಲಿಸಿದಿರಿ ಅಂದುಕೊಳ್ಳಿ. 127ನೇ ಸದಸ್ಯರವರೆಗೆ ಎಲ್ಲ ಸರಿ ಬರುತ್ತದೆ. 128ರಿಂದ ತಪ್ಪಲು ಶುರು. -128ರಿಂದ 127ರವರೆಗಿನ ಇಂಟಿಜರ್‌ಗಳನ್ನು ಜಾವಾ ಮೊದಲೇ ಮಾಡಿ ಇಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಕೊಡುತ್ತದೆ. ಅದಕ್ಕಿಂತ ದೊಡ್ಡದಾದರೆ ಸಾಮಾನ್ಯವಾಗಿ ಪ್ರತಿಸಲ ಹೊಸ ಆಬ್ಜೆಕ್ಟ್. == ನೋಡುವುದು ಆಬ್ಜೆಕ್ಟ್ ಒಂದೇನಾ ಅಂತ, ಬೆಲೆ ಒಂದೇನಾ ಅಂತ ಅಲ್ಲ. ಚಿಕ್ಕ ಹಾಲಿನ ಸಂಘದಲ್ಲಿ ಪರೀಕ್ಷೆ ಮಾಡಿ ಖುಷಿಪಟ್ಟು, ದೊಡ್ಡ ಸಂಘಕ್ಕೆ ಹೋದಾಗ ಸಿಕ್ಕಿಬೀಳುವ ತಪ್ಪು ಇದು. ಕಾಟ್ಲಿನ್‌ನಲ್ಲಿ == ಅಂದರೆ ಬೆಲೆಯ ಹೋಲಿಕೆಯೇ.

ಇಷ್ಟು ಹೇಳಿದೆ ಅಂತ ಕಾಟ್ಲಿನ್‌ನಲ್ಲಿ ಅಪಾಯ ಇಲ್ಲ ಅಂದುಕೊಳ್ಳಬೇಡಿ. ಜಾವಾ ಬಲ್ಲವರು ಕಾಟ್ಲಿನ್‌ಗೆ ಬಂದಾಗ ಕಾಲು ಜಾರುವ ಜಾಗಗಳಿವೆ, ಮತ್ತು ಅವೆಲ್ಲ ನಿಮ್ಮ ಆಪಿಗೆ ನೇರವಾಗಿ ತಾಗುತ್ತವೆ.

ಎಲ್ಲಕ್ಕಿಂತ ಮೊದಲು ದುಡ್ಡಿನ ಲೆಕ್ಕ. ನೀವು ದಶಮಾಂಶಗಳನ್ನು ಕರಾರುವಾಕ್ಕಾಗಿ ಇಡುವ ಬಿಗ್‌ಡೆಸಿಮಲ್ ಬಳಸುತ್ತಿದ್ದೀರಿ ಎಂದು ನಂಬುತ್ತೇನೆ. ಕಾಟ್ಲಿನ್‌ನಲ್ಲಿ ಅದನ್ನು ಕೂಡಲು +, ಗುಣಿಸಲು *, ಭಾಗಿಸಲು / ಹಾಕಬಹುದು. ನೋಡಲು ಚೆನ್ನ. ಆದರೆ ಆ / ಚಿಹ್ನೆಯಲ್ಲಿ ಒಂದು ಸಮಸ್ಯೆ ಇದೆ. ಮೊದಲ ಸಂಖ್ಯೆಯಲ್ಲಿ ದಶಮಾಂಶದ ನಂತರ ಎಷ್ಟು ಅಂಕೆ ಇದೆಯೋ ಉತ್ತರವನ್ನೂ ಅಷ್ಟಕ್ಕೇ ನಿಲ್ಲಿಸುತ್ತದೆ. ಜಾವಾದ ಡಿವೈಡ್ ಮೆಥಡ್‌ನಲ್ಲಿ 10ನ್ನು 4ರಿಂದ ಭಾಗಿಸಿದರೆ 2.5 ಬರುತ್ತದೆ. ಕಾಟ್ಲಿನ್‌ನಲ್ಲಿ / ಹಾಕಿ ಅದೇ ಬಿಗ್‌ಡೆಸಿಮಲ್‌ಗಳನ್ನು ಭಾಗಿಸಿದರೆ ಬರುವುದು 2. ಎರರ್ ಇಲ್ಲ, ಎಚ್ಚರಿಕೆ ಇಲ್ಲ. 10ನ್ನು 3ರಿಂದ ಭಾಗಿಸಿ ಅಂದರೆ ಜಾವಾ "ಎಲ್ಲಿಗೆ ನಿಲ್ಲಿಸಲಿ ಹೇಳು" ಎಂದು ಎರರ್ ಎಸೆಯುತ್ತದೆ, ಕಾಟ್ಲಿನ್ ಸದ್ದಿಲ್ಲದೆ 3 ಕೊಡುತ್ತದೆ. ಪ್ರತಿ ಚೀಟಿಯಲ್ಲಿ ಕೆಲವು ಪೈಸೆ ಹೋದರೆ ಬಟವಾಡೆ ದಿನ ಅದು ಜಗಳ. ರೈತರ ದುಡ್ಡು ಅದು.

ಅದಕ್ಕೇ ದರದ ಭಾಗವನ್ನು ಮುಟ್ಟಬೇಡಿ ಅಂದದ್ದು. ನಿಮ್ಮ ಸರ್ವರಿನಲ್ಲಿ ದರ ಲೆಕ್ಕ ಹಾಕುವ ಜಾವಾ ಕ್ಲಾಸುಗಳು ವರ್ಷಗಳಿಂದ ಓಡಿ, ತಪ್ಪು ತಿದ್ದಿಸಿಕೊಂಡು ಗಟ್ಟಿಯಾಗಿವೆ. ಅವನ್ನು ಒಂದು ಪ್ರತ್ಯೇಕ ಮಾಡ್ಯೂಲ್ ಮಾಡಿ. ಸರ್ವರ್ ಸಹ ಅದನ್ನೇ ಬಳಸಲಿ, ಕಾಟ್ಲಿನ್ ಆಪ್ ಕೂಡ ಅದನ್ನೇ ಕರೆಯಲಿ. ಆಗ ಫೋನಿನ ಚೀಟಿ ಮತ್ತು ಸರ್ವರಿನ ಲೆಕ್ಕ ಬೇರೆ ಬೇರೆ ಬರುವ ಮಾತೇ ಇರುವುದಿಲ್ಲ. ಎರಡು ಷರತ್ತು ಇವೆ. ಆ ಮಾಡ್ಯೂಲಿನಲ್ಲಿ ಜಾವಾ 21ರ ಹೊಸ ಸೌಲಭ್ಯ ಬಳಸಬೇಡಿ, ಹಳೆಯ ಫೋನ್ ಒಪ್ಪುವುದಿಲ್ಲ. ತಾರೀಖಿಗೆ ಹೊಸ ಟೈಮ್ ಕ್ಲಾಸುಗಳನ್ನು ಬಳಸಿದ್ದರೆ, ಆಂಡ್ರಾಯ್ಡ್ 8ಕ್ಕಿಂತ ಹಳೆಯ ಫೋನುಗಳಿಗಾಗಿ, ಅವನ್ನು ಅಲ್ಲೂ ನಡೆಯುವಂತೆ ಮಾಡುವ ಡಿಶುಗರಿಂಗ್ ಸೆಟ್ಟಿಂಗ್ ಹಾಕಬೇಕು. ಎರಡನೆಯದು, ಜಾವಾದಿಂದ ಬಂದ ಮೌಲ್ಯ ನಲ್ ಆಗಬಹುದೋ ಇಲ್ಲವೋ ಎಂದು ಕಾಟ್ಲಿನ್‌ಗೆ ತಾನಾಗಿ ತಿಳಿಯುವುದಿಲ್ಲ. ಅಲ್ಲಿ ಅದು ನಿಮ್ಮನ್ನು ತಡೆಯುವುದಿಲ್ಲ. ಜಾವಾ ಮೆಥಡ್‌ಗಳ ಮೇಲೆ ನಲ್ಲಬಲ್, ನಾನ್‌ನಲ್ ಎಂಬ ಗುರುತು ಹಾಕಿ. ಅದಕ್ಕಾಗಿಯೇ ಜೆಸ್ಪೆಸಿಫೈ ಎಂಬ ಗುರುತುಗಳ ಗುಂಪು ಇದೆ.

ಎರಡನೇ ಅಪಾಯ ನೆಟ್‌ವರ್ಕ್. ಜಾವಾದಲ್ಲಿ ನೆಟ್‌ವರ್ಕ್ ಕರೆ ಬರೆದರೆ ಐಒ ಎಕ್ಸೆಪ್ಷನ್ (ಸಂಪರ್ಕ ಕೆಟ್ಟಾಗ ಬರುವ ಎರರ್) ಹಿಡಿಯಿರಿ ಎಂದು ಕಂಪೈಲರ್ ಪಟ್ಟು ಹಿಡಿಯುತ್ತದೆ. ಬೇಸರ ಬಂದರೂ ಬರೆಯುತ್ತೇವೆ. ಕಾಟ್ಲಿನ್‌ನಲ್ಲಿ ಆ ಒತ್ತಾಯ ಇಲ್ಲ. ಸರ್ವರಿನ ಜೊತೆ ಮಾತಾಡುವ ರೆಟ್ರೋಫಿಟ್ ಲೈಬ್ರರಿಯ ಕರೆ ಕೊರೂಟೀನ್‌ನಲ್ಲಿ ಒಂದೇ ಸಾಲು. ಆಫೀಸಿನ ವೈಫೈನಲ್ಲಿ ಚೆನ್ನಾಗಿ ನಡೆಯುತ್ತದೆ. ಹಳ್ಳಿಯಲ್ಲಿ ಸಿಗ್ನಲ್ ಹೋದ ಕ್ಷಣ, ಎಕ್ಸೆಪ್ಷನ್ ಹಿಡಿಯುವವರಿಲ್ಲದೆ ಆಪ್ ಮುಚ್ಚಿಹೋಗುತ್ತದೆ. ಎಂಟ್ರಿ ಮೊದಲು ಫೋನಿನ ರೂಮ್ ಡೇಟಾಬೇಸಿಗೇ ಹೋಗಲಿ. ಸರ್ವರಿಗೆ ಕಳಿಸುವ ಕೆಲಸ, ಹಿನ್ನೆಲೆಯಲ್ಲಿ ಕೆಲಸ ನಡೆಸುವ ವರ್ಕ್‌ಮ್ಯಾನೇಜರ್ ಮೂಲಕ ಬೇರೆಯಾಗಿ ನಡೆಯಲಿ. ಸ್ಕ್ರೀನಿನಿಂದ ನೇರವಾಗಿ ಸರ್ವರಿಗೆ ಹೋಗುವ ಕರೆ ಎಲ್ಲೂ ಇರಬಾರದು ಎಂದು ನಿಯಮ ಮಾಡಿಕೊಳ್ಳಿ.

ಮೂರನೆಯದು, ಸರ್ವರ್ ಕಳಿಸಿದ ಮಾಹಿತಿಯನ್ನು ಆಬ್ಜೆಕ್ಟ್ ಮಾಡಿಕೊಡುವ ಜಿಸನ್ ಲೈಬ್ರರಿ. ಜಾವಾದವರಿಗೆ ಅದು ಕೈಗೆ ಬಂದ ಅಭ್ಯಾಸ. ಆದರೆ ಅದಕ್ಕೆ ಕಾಟ್ಲಿನ್‌ನ ನಲ್ ನಿಯಮ ಗೊತ್ತಿಲ್ಲ. ಸರ್ವರ್ ಒಂದು ಫೀಲ್ಡ್ ಕಳಿಸದಿದ್ದರೆ, ನಲ್ ಆಗಲೇಬಾರದು ಅಂತ ನೀವು ಬರೆದ ಜಾಗದಲ್ಲೂ ನಲ್ ತುರುಕುತ್ತದೆ. ಆಪ್ ಬೀಳುವುದು ಬೇರೆಲ್ಲೋ, ಕಾರಣ ಹುಡುಕಲು ಅರ್ಧ ದಿನ ಹೋಗುತ್ತದೆ. ಕಾಟ್ಲಿನ್‌ನದೇ ಸೀರಿಯಲೈಸೇಷನ್ ಲೈಬ್ರರಿ ಬಳಸಿ. ಹಾಗೆಯೇ ಕೋಡಿನಲ್ಲಿ !! ಕಂಡಾಗೆಲ್ಲ ನಿಂತು ಯಾಕೆ ಎಂದು ಕೇಳಿ. ಆ ಎರಡು ಆಶ್ಚರ್ಯಸೂಚಕ ಹಾಕಿದರೆ ಕಂಪೈಲರಿನ ಬಾಯಿ ಮುಚ್ಚಿಸಿದಂತೆ. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಜಾವಾ ಫೈಲನ್ನು ಒಂದೇ ಕ್ಲಿಕ್ಕಿಗೆ ಕಾಟ್ಲಿನ್ ಮಾಡುವ ಸೌಲಭ್ಯ ಇದೆ. ಹಾಗೆ ಮಾಡಿದ ಕೋಡಿನಲ್ಲಿ ಇವು ಧಾರಾಳವಾಗಿ ಸಿಗುತ್ತವೆ.

ಸರ್ವರಿನ ವಿಷಯಕ್ಕೆ ಬರೋಣ. ಅದನ್ನು ಕಾಟ್ಲಿನ್‌ನಲ್ಲಿ ಬರೆಯಲು ಆಗುವುದಿಲ್ಲ ಅಂತಲ್ಲ. ಸ್ಪ್ರಿಂಗ್ 2017ರಿಂದಲೇ ಕಾಟ್ಲಿನ್ ಜೊತೆ ಚೆನ್ನಾಗಿ ಹೊಂದಿಕೊಂಡಿದೆ. ಕಾಟ್ಲಿನ್ ಕ್ಲಾಸುಗಳು ತಾವಾಗಿ ಫೈನಲ್ (ಮುಂದೆ ವಿಸ್ತರಿಸಲು ಬಾರದವು) ಆಗಿರುವುದರಿಂದ ಸ್ಪ್ರಿಂಗ್‌ಗೆ ಒಂದು ಪ್ಲಗಿನ್ ಬೇಕು, ಡೇಟಾಬೇಸಿನ ಕೆಲಸ ಮಾಡುವ ಜೆಪಿಎ ಖಾಲಿ ಕನ್‌ಸ್ಟ್ರಕ್ಟರ್ ಕೇಳುವುದರಿಂದ ಅದಕ್ಕೆ ಇನ್ನೊಂದು ಬೇಕು. ಗೆಟರ್‌ಗಳಂಥ ಕೋಡನ್ನು ತಾನಾಗಿ ಹುಟ್ಟಿಸುವ ಲಾಂಬಾಕ್ ಬಳಸಿದ್ದರೆ ಎರಡು ಭಾಷೆ ಬೆರೆಸುವಾಗ ಕಿರಿಕಿರಿ ಇದೆ. ಇದೆಲ್ಲ ದಾಟಬಹುದು. ಆದರೆ ದಾಟಿ ನಿಮಗೆ ಸಿಗುವುದೇನು? ಸಂಘಗಳಿಗೆ ಒಂದೂ ಹೊಸ ಸೌಲಭ್ಯ ಸಿಗುವುದಿಲ್ಲ. ನಾಲ್ಕು ಜನರ ಕಂಪನಿಗೆ ಅಷ್ಟು ತಿಂಗಳ ದುಡಿಮೆ ಸಣ್ಣದಲ್ಲ. ಚೆನ್ನಾಗಿ ಓಡುತ್ತಿದ್ದ ಸರ್ವರನ್ನು ಭಾಷೆಗೋಸ್ಕರ ಪೂರ್ತಿ ಮತ್ತೆ ಬರೆಯಲು ಹೊರಟ ತಂಡಗಳನ್ನು ನಾನು ನೋಡಿದ್ದೇನೆ. ಹಳೆಯದರಲ್ಲಿ ಯಾರೋ ಎಂದೋ ಸೇರಿಸಿದ ಸಣ್ಣ ಸಣ್ಣ ವಿನಾಯಿತಿಗಳು ಹೊಸದರಲ್ಲಿ ಬಿಟ್ಟುಹೋಗಿ, ಗ್ರಾಹಕರ ಫೋನ್ ಬಂದ ಮೇಲೆಯೇ ಗೊತ್ತಾಗುತ್ತದೆ.

ನಿಮ್ಮ ಸರ್ವರಿನ ನಿಜವಾದ ತೊಂದರೆ ಭಾಷೆಯದಲ್ಲ, ವಯಸ್ಸಿನದು. ಸ್ಪ್ರಿಂಗ್ ಬೂಟ್ 2ರ ಸಾಲಿನ ಕೊನೆಯದಾದ 2.7ರ ಉಚಿತ ಬೆಂಬಲ 2023ರ ನವೆಂಬರಿಗೇ ಮುಗಿದಿದೆ. ಸುರಕ್ಷತೆಯ ತೂತು ಕಂಡರೂ ಉಚಿತವಾಗಿ ತೇಪೆ ಬರುವುದಿಲ್ಲ. ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕು. ಜಾವಾಎಕ್ಸ್ ಎಂದಿದ್ದ ಪ್ಯಾಕೇಜ್ ಹೆಸರುಗಳಲ್ಲಿ ಹಲವು ಜಕಾರ್ತಾ ಆಗಿವೆ, ಅವನ್ನೆಲ್ಲ ಬದಲಿಸಬೇಕು. ಮರುಬರವಣಿಗೆಗೆ ಇಡಬೇಕೆಂದಿದ್ದ ಸಮಯದ ಒಂದು ಪಾಲನ್ನು ಇದಕ್ಕೆ ಕೊಡಿ. ಮೊದಲು ಬೂಟ್ 2.7, ಆಮೇಲೆ ಜಾವಾ 17, ಆಮೇಲೆ ಬೂಟ್ 3ರ ಸಾಲು, ಕೊನೆಗೆ ಜಾವಾ 21. ಪ್ರತಿ ಮೆಟ್ಟಿಲಲ್ಲೂ ಒಂದು ಬಟವಾಡೆ ಸರಿಯಾಗಿ ನಡೆಯುವವರೆಗೆ ನಿಂತು ನೋಡಿ.

ಉಳಿದದ್ದು ನಿಮ್ಮ ಪಾಲುದಾರರ ಭಯ. ಈ ಇಡೀ ವಾದದಲ್ಲಿ ನನಗೆ ಹೆಚ್ಚು ತೂಕದ್ದು ಅನ್ನಿಸಿದ್ದು ಅದೇ. ಒಬ್ಬರಿಗೆ ಮಾತ್ರ ಗೊತ್ತಿರುವ ಕೋಡ್ ಯಾವ ಭಾಷೆಯಲ್ಲಿದ್ದರೂ ಅಪಾಯ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಜಾವಾ ಕಲಿಸುತ್ತಾರೆ, ಹಾಸನದಂಥ ಊರಿನಲ್ಲಿ ಜಾವಾ ಬಲ್ಲವರು ಸುಲಭವಾಗಿ ಸಿಗುತ್ತಾರೆ, ಅದು ನಿಜ. ಆದರೆ ಜಾವಾ ಚೆನ್ನಾಗಿ ಬಂದವರು ಒಂದೆರಡು ವಾರದಲ್ಲಿ ಕಾಟ್ಲಿನ್ ಓದಿ ಅರ್ಥ ಮಾಡಿಕೊಳ್ಳುತ್ತಾರೆ. ಕೊರೂಟೀನ್ ಮಾತ್ರ ಅಷ್ಟು ಬೇಗ ಕೈಗೆ ಬರುವುದಿಲ್ಲ, ಕೆಲವು ತಿಂಗಳು ಬೇಕು. ಹಾಗಾಗಿ ಹೊಸಬರು ಒಬ್ಬರೇ ಬರೆದು, ಉಳಿದ ಮೂವರು ದೂರ ಕೂರುವ ವ್ಯವಸ್ಥೆ ಬೇಡ. ಸ್ಕ್ರೀನುಗಳನ್ನು ಅವರು ಬರೆಯಲಿ. ಫೋನಿನಿಂದ ಸರ್ವರಿಗೆ ಎಂಟ್ರಿ ಕಳಿಸುವ ಭಾಗವನ್ನು ಜಾವಾ ಬಲ್ಲ ನಿಮ್ಮಲ್ಲೊಬ್ಬರು ಕಾಟ್ಲಿನ್‌ನಲ್ಲಿ ಬರೆಯಲಿ, ಹೊಸಬರು ಪಕ್ಕದಲ್ಲಿ ಕೂತು ತಿದ್ದಲಿ. ಇನ್ನೊಬ್ಬರು ಓದಿ ಒಪ್ಪದೆ ಯಾವ ಕೋಡೂ ಒಳಗೆ ಹೋಗಬಾರದು. ಇದಕ್ಕೆ ನಿಮ್ಮ ಮೂವರಲ್ಲಿ ಯಾರಿಗೂ ಮನಸ್ಸಿಲ್ಲ ಅಂದರೆ ನನ್ನ ಸಲಹೆ ಬದಲಾಗುತ್ತದೆ. ಆಗ ಜಾವಾ ಮತ್ತು ಎಕ್ಸ್‌ಎಂಎಲ್‌ನಲ್ಲೇ ಆಪ್ ಮಾಡಿ. ಹಳೆಯ ವಿಧಾನ ಆದರೂ ನಾಲ್ಕೂ ಜನರಿಗೆ ಅರ್ಥವಾಗುವ ಆಪ್ ಅದು, ಬೇಕಾದಾಗ ಒಂದೊಂದೇ ಫೈಲಾಗಿ ಕಾಟ್ಲಿನ್ ಸೇರಿಸಬಹುದು.

ತೀರ್ಮಾನಕ್ಕೆ ಮೊದಲು ಎರಡು ವಾರ ಒಂದು ಪ್ರಯೋಗ ಮಾಡಿ. ಹಾಲಿನ ಎಂಟ್ರಿಯ ಒಂದೇ ಸ್ಕ್ರೀನ್, ಕೆಳಗೆ ರೂಮ್, ಪಕ್ಕದಲ್ಲಿ ನಿಮ್ಮ ಹಳೆಯ ಜಾವಾ ದರದ ಮಾಡ್ಯೂಲ್. ಏರೋಪ್ಲೇನ್ ಮೋಡಿನಲ್ಲಿ ಇಟ್ಟು ಒಂದು ಬೆಳಗಿನ ಎಂಟ್ರಿ ಪೂರ್ತಿ ಹಾಕಿ, ಮಧ್ಯೆ ಫ್ಯಾಟ್ ಖಾಲಿ ಬಿಡಿ, ಮಧ್ಯೆ ಫೋನ್ ಆಫ್ ಮಾಡಿ. ಆಮೇಲೆ ಒಂದು ದೊಡ್ಡ ಸಂಘದ ಹೋದ ತಿಂಗಳ ಎಲ್ಲ ಎಂಟ್ರಿಗಳನ್ನು ಫೋನಿನ ಲೆಕ್ಕಕ್ಕೆ ಕೊಟ್ಟು, ಸರ್ವರಿನಲ್ಲಿರುವ ಮೊತ್ತದ ಜೊತೆ ಸಾಲು ಸಾಲಾಗಿ ಹೋಲಿಸಿ. ಒಂದು ಪೈಸೆ ಹೆಚ್ಚುಕಡಿಮೆ ಬಂದರೂ ಆ ಸಾಲಿನ ಕಾರಣ ಗೊತ್ತಾಗುವವರೆಗೆ ಎರಡನೇ ಸ್ಕ್ರೀನ್ ಶುರು ಮಾಡಬೇಡಿ.